ಉಗುರಿಗೆ ಸಿಕ್ಕ ಬಿರುಕು

ಗಿಟಾರು ನನ್ನ ಮೊಮ್ಮಗಳ ಕೈಯಲ್ಲಿ ಮುರಿಯಲಿಲ್ಲ. ತರುವಾಗಲೇ ಮುರಿದಿತ್ತು. ಅದು ನನಗೆ ಗೊತ್ತಿತ್ತು, ನಾನು ಬಾಯಿ ಬಿಡಲಿಲ್ಲ. ನಡೆದದ್ದು ಇಷ್ಟೇ. ಆಮೇಲೆ ಊರಿನವರು ಹಣೆಬರಹ ಅಂದರು, ದೃಷ್ಟಿ ತಾಗಿತು ಅಂದರು. ಅದೇನೂ ಅಲ್ಲ.

ಮೊಮ್ಮಗಳು ಅಂದರೆ ನನ್ನ ಮಗಳ ಮಗಳು. ಮಗಳು ಹೋಗಿ ಆಗ ಎರಡು ವರ್ಷ. ಜ್ವರ ಅಂತ ಮಲಗಿದಳು. ಡೆಂಗಿ ಅಂತ ಡಾಕ್ಟರು ಹೇಳುವ ಹೊತ್ತಿಗೆ ಕೈ ಮೀರಿತ್ತು. ಮಲಗಿದ್ದ ನಾಲ್ಕು ದಿನ ನಾನೂ ಅವರ ಮನೆಯಲ್ಲೇ ಇದ್ದೆ, ಆದರೆ ಅವಳಿಗೆ ಗಂಜಿ ಕುಡಿಸಿದ್ದು, ಮಾತ್ರೆ ನುಂಗಿಸಿದ್ದು, ಹಣೆಗೆ ಒದ್ದೆ ಬಟ್ಟೆ ಹಾಕಿದ್ದು ಈ ಹುಡುಗಿಯೇ. ಅಪ್ಪನಾದವನು ಬೇರೆ ಸಂಸಾರ ಕಟ್ಟಿಕೊಂಡು ಕನಕಪುರದ ಕಡೆ ಇದ್ದಾನೆ. ಅವನ ಮಾತು ಇಲ್ಲಿ ಬೇಡ. ಹುಡುಗಿ ಕೈಲಾಂಚದ ಹತ್ತಿರದ ನಮ್ಮ ಊರಿಗೆ ಬಂದು ನನ್ನ ಜೊತೆ ಉಳಿದಳು. ಇಲ್ಲಿಂದಲೇ ದಿನಾ ಬಸ್ಸಿನಲ್ಲಿ ರಾಮನಗರದ ಕಾಲೇಜಿಗೆ ಹೋಗುತ್ತಿದ್ದಳು.

ತಾಯಿ ಸತ್ತ ಮೇಲೆ ಅವಳ ಮಾತು ನಿಂತಂತೆಯೇ ಆಗಿತ್ತು. ಕೇಳಿದ್ದಕ್ಕೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಕಾಲೇಜಿನಲ್ಲಿ ಯಾರದೋ ಗಿಟಾರು ಇಸಕೊಂಡು ಕಲಿಯುತ್ತಿದ್ದಳು ಅನ್ನುವುದೂ ನನಗೆ ಗೊತ್ತಿರಲಿಲ್ಲ. ಒಂದು ಸಂಜೆ ನಾನು ರಾಗಿ ಕೇರುತ್ತಿದ್ದೆ. ಬಂದು ಪಕ್ಕದಲ್ಲಿ ಕೂತಳು.

"ಅಜ್ಜಿ, ಕಾಲೇಜ್ ಡೇ ಐತೆ. ನಾನೊಬ್ಳೇ ನುಡಿಸ್ತೀನಿ ಅಂತ ಹೆಸ್ರು ಕೊಟ್ಟಿವ್ನಿ. ಅಮ್ಮ ಹಾಲ್ ಕರೀವಾಗ ಗುನುಗ್ತಿತ್ತಲ್ಲ, ಅದನ್ನ."

"ಅದೇನು ಹಾಡೇನೆ? ಹಸ ಒದೀದೆ ನಿಂತ್ಕಳ್ಲಿ ಅಂತ ಗೊಣಗ್ತಿದ್ಲು."

"ನಂಗೆ ಅದು ಹಾಡೇ."

ಎರಡು ವರ್ಷದಲ್ಲಿ ಅವಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ನನಗೆ ಒಳಗೆ ಖುಷಿಯಾಯಿತು, ಮುಖದಲ್ಲಿ ತೋರಿಸಲಿಲ್ಲ. ಸ್ವಂತದ್ದೊಂದು ಗಿಟಾರು ಬೇಕು, ಅಮ್ಮನ ಓಲೆ ಮಾರಲಾ ಅಂತ ಕೇಳಿದಳು. ಡಬ್ಬಿಯಲ್ಲಿ ಕೂತ ಓಲೆ ಯಾರ ಜೊತೆಯೂ ಮಾತಾಡುವುದಿಲ್ಲ, ಮಾರು ಅಂದೆ.

ಓಲೆಯ ದುಡ್ಡು ಹೊಸದು ತರುವಷ್ಟು ಆಗಲಿಲ್ಲ. ಫೋನಿನಲ್ಲಿ ಹುಡುಕಿ ಹುಡುಕಿ ಒಂದು ಹಳೆಯದನ್ನು ತೋರಿಸಿದಳು. ಚನ್ನಪಟ್ಟಣದಲ್ಲಿ ಯಾರೋ ಮಾರಲು ಇಟ್ಟಿದ್ದರು. ಸುಮ್ಮನೆ ಕೂತು ನುಡಿಸಬಹುದು, ದೊಡ್ಡ ಸಭೆಯಾದರೆ ವಯರು ಚುಚ್ಚಿ ಸ್ಪೀಕರಿಗೂ ಕೊಡಬಹುದು, ಅಂಥದ್ದು. ನಾನೂ ಬರಲೇಬೇಕು ಅಂತ ಹಟ ಹಿಡಿದಳು.

"ಕರೆಂಟಿಂದು ನಾನ್ ನೋಡ್ಕೋತೀನಿ ಅಜ್ಜಿ. ಮರ ನೀನ್ ನೋಡು. ಮರದ ವಿಷ್ಯದಲ್ಲಿ ನಿಂಗೆ ಯಾರೂ ಟೋಪಿ ಹಾಕಕ್ಕಾಗಲ್ಲ."

ಅದು ನಿಜ. ಮದುವೆಯಾಗಿ ಬಂದ ಮೇಲೆ ಇಪ್ಪತ್ತೆರಡು ವರ್ಷ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು ನಾನು. ಹಾಲೆ ಮರದ ತುಂಡು ಮಿಷನ್ನಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯಬೇಕು. ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಮರ ಸರಿಯಾಗಿ ಒಣಗಿರದಿದ್ದರೆ ಬೊಂಬೆಯಲ್ಲಿ ಕೂದಲಿನಷ್ಟು ಸೀಳು ಬಿಡುತ್ತಿತ್ತು. ಅದನ್ನು ಎಸೆಯಲು ಮೇಸ್ತ್ರಿ ಬಿಡುತ್ತಿರಲಿಲ್ಲ. "ಅರಗ್ ತುಂಬ್ಸಿ ಉಜ್ಜಮ್ಮಿ, ಯಾವನ್ ನೋಡಾನು" ಅನ್ನುತ್ತಿದ್ದ. ತುಂಬಿಸಿ ಉಜ್ಜುತ್ತಿದ್ದೆವು. ಕಣ್ಣಿಗೆ ಕಾಣುತ್ತಿರಲಿಲ್ಲ. ಉಗುರು ಎಳೆದರೆ ಮಾತ್ರ ಸಿಕ್ಕಿಬೀಳುತ್ತಿತ್ತು. ಎಷ್ಟು ಬಿರುಕು ಮುಚ್ಚಿದ್ದೇನೋ ಲೆಕ್ಕವಿಲ್ಲ. ಬಿರುಕು ಮುಚ್ಚಿದವಳಿಗೆ ಮುಚ್ಚಿದ ಬಿರುಕು ಎಲ್ಲಿದ್ದರೂ ಗೊತ್ತಾಗುತ್ತದೆ.

ಮಾರುವವರ ಮನೆ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರ. ಬಾಗಿಲು ತೆಗೆದವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಕೂರಿಸಿ ನೀರು ಕೊಟ್ಟಳು. ಗಿಟಾರು ಅವಳ ಮಗನದ್ದು. ಅವನು ಮೈಸೂರಿನಲ್ಲಿ ಬೈಕಿನ ಶೋರೂಮಿಗೆ ಕೆಲಸಕ್ಕೆ ಸೇರಿದ ಮೇಲೆ ಅದನ್ನು ಮುಟ್ಟಿಲ್ಲವಂತೆ.

"ಬೀರು ಮೇಲೆ ಧೂಳ್ ಕುಡ್ಕೊಂಡ್ ಬಿದ್ದೈತೆ. ನುಡ್ಸೋರ ಕೈಗಾದ್ರೂ ಹೋಗ್ಲಿ ಅಂತ ಫೋಟೋ ಹಾಕಿದ್ದು ಕಣ್ರಮ್ಮ."

ಮೊಮ್ಮಗಳು ಶುರುಮಾಡಿದಳು. ಏನೇನು ನೋಡಬೇಕು ಅಂತ ಅವಳಿಗೆ ಕಲಿಸಿದವರು ಹೇಳಿಕೊಟ್ಟಿದ್ದರು. ಮೊದಲು ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಂದೂಕಿನ ಗುರಿ ನೋಡುವವರ ಹಾಗೆ ಒಂದು ಕಣ್ಣು ಮುಚ್ಚಿ, ಅದರ ಕತ್ತು ಬಾಗಿದೆಯೋ ಅಂತ ನೋಡಿದಳು. ತಂತಿ ಮರದಿಂದ ಎಷ್ಟು ಮೇಲಿದೆ ಅಂತ ಬೆರಳು ತೂರಿಸಿದಳು. ಬೆರಳೊತ್ತುವ ಕಡೆ ಅಡ್ಡಕ್ಕೆ ಕೂರಿಸಿರುವ ಲೋಹದ ಪಟ್ಟಿಗಳು ಎಲ್ಲಿ ಸವೆದಿವೆ ಅಂತ ಒಂದೊಂದನ್ನೂ ಸವರಿದಳು. ಪಕ್ಕದ ಚಿಕ್ಕ ಮುಚ್ಚಳ ತೆಗೆದು ಬ್ಯಾಟರಿ ಸೋರಿ ತುಕ್ಕು ಹಿಡಿದಿದೆಯೋ ಅಂತ ಮೂಸಿ ಕೂಡ ನೋಡಿದಳು. ಆಮೇಲೆ ಆ ಮನೆಯದೇ ಚಿಕ್ಕ ಸ್ಪೀಕರಿಗೆ ವಯರು ಸಿಕ್ಕಿಸಿ ತಿರುಪುಗಳನ್ನು ಒಂದೊಂದಾಗಿ ತಿರುಗಿಸಿದಳು. ಒಂದು ತಿರುಪು ಕರಕರ ಅಂತು. "ಇದು ಧೂಳು, ಕ್ಲೀನ್ ಮಾಡಿದ್ರೆ ಹೋಗತ್ತೆ" ಅಂದಳು, ದೊಡ್ಡ ಮೆಕ್ಯಾನಿಕ್ಕಿನ ಹಾಗೆ. ನನಗೆ ನಗು ಬಂತು.

"ಈಗ ನೀನ್ ನೋಡಜ್ಜಿ."

ತೊಡೆಯ ಮೇಲೆ ಮಲಗಿಸಿಕೊಂಡೆ. ಹೊಟ್ಟೆಯ ಮರ ಗಟ್ಟಿ. ಗೆಣ್ಣಿನಿಂದ ತಟ್ಟಿದೆ, ಎಲ್ಲ ಕಡೆ ಒಂದೇ ನಾದ. ಕತ್ತಿನ ಮೇಲೆ ಕೈ ಆಡಿಸುತ್ತ ಹೋದೆ. ಕತ್ತು ಮುಗಿದು, ತಂತಿ ಬಿಗಿಯುವ ತಲೆ ಹಿಂದಕ್ಕೆ ಬಾಗುವ ಕಡೆ, ತಂತಿಯ ಎಳೆತವೆಲ್ಲ ಬೀಳುವ ಜಾಗದಲ್ಲಿ, ಹಿಂಭಾಗದಲ್ಲಿ, ಹೊಳಪು ಎರಡು ಥರ ಇತ್ತು. ಉಗುರು ಎಳೆದೆ. ಸಿಕ್ಕಿಬಿತ್ತು. ಇನ್ನೊಂದು ಸಲ ಎಳೆದೆ. ಅಲ್ಲೇ ಸಿಕ್ಕಿಬಿತ್ತು. ಅಡ್ಡಡ್ಡಕ್ಕೆ ಅರ್ಧ ಕತ್ತು ಸೀಳಿತ್ತು. ಯಾರೋ ಅಂಟು ಹಾಕಿ, ಮೇಲೆ ಪಾಲೀಶು ಬಳಿದಿದ್ದರು. ಕೆಲಸ ಚೆನ್ನಾಗಿಯೇ ಮಾಡಿದ್ದರು.

ತಲೆ ಎತ್ತಿದೆ, ಹೇಳೋಣ ಅಂತ. ಅಷ್ಟರಲ್ಲಿ ಆ ಹೆಂಗಸು ಅರಿಶಿನ ಕುಂಕುಮದ ತಟ್ಟೆ ಹಿಡಿದು ಒಳಗಿನಿಂದ ಬಂದಳು. ಮೊಮ್ಮಗಳಿಗೆ ಕೊಟ್ಟಳು. ಆಮೇಲೆ ತಟ್ಟೆಯನ್ನು ನನ್ನ ಮುಂದೆ ಹಿಡಿದಳು.

ನನ್ನ ಗಂಡ ಸತ್ತು ಹನ್ನೊಂದು ವರ್ಷ. ಈ ಹನ್ನೊಂದು ವರ್ಷದಲ್ಲಿ ಮದುವೆ, ನಾಮಕರಣ, ಸೀಮಂತ, ಎಲ್ಲಿ ಹೋದರೂ ಆ ತಟ್ಟೆ ಸಾಲಿನಲ್ಲಿ ಬರುತ್ತ ಬರುತ್ತ ನನ್ನ ಹತ್ತಿರ ಬಂದಾಗ, ಸ್ಟಾಪಿಲ್ಲದ ಊರು ದಾಟುವ ಬಸ್ಸಿನ ಹಾಗೆ ಹೋಗಿಬಿಡುತ್ತಿತ್ತು. ನನ್ನ ಮಗಳೇ, ಅವಳ ಮನೆಯ ಗೃಹಪ್ರವೇಶದಲ್ಲಿ, ತಟ್ಟೆ ಹಿಡಿದು ನನ್ನನ್ನು ದಾಟಿ ಪಕ್ಕದವಳಿಗೆ ಕೊಟ್ಟಳು. ಅವಳನ್ನು ಅಂದು ಪ್ರಯೋಜನವಿಲ್ಲ. ಹಾಗೆ ಮಾಡಬೇಕು ಅಂತ ಕಲಿಸಿದವಳು ನಾನೇ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. "ನಂಗೆ ಬ್ಯಾಡ ಕಣವ್ವ. ನಮ್ಮೆಜಮಾನ್ರು ಇಲ್ಲ."

"ನಮ್ಮೋರೂ ಇಲ್ಲ" ಅಂದಳು. ಆಗ ನೋಡಿದೆ, ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಅವಳ ಹಣೆಯಲ್ಲಿ ಕಾಸಿನಗಲ ಕುಂಕುಮ. "ಹುಟ್ದಾಗಿಂದ ಇಟ್ಕೊಂಡಿದ್ದನ್ನ ಯಾರೋ ಹೋದ್ರು ಅಂತ ನಾವ್ಯಾಕ್ ಬುಡಾನ? ಹಿಡೀರಿ ಸುಮ್ನೆ."

ನಾನು ಹಿಡಿಯಲಿಲ್ಲ. ಅವಳೇ ಬೆರಳಿನಲ್ಲಿ ತೆಗೆದು ನನ್ನ ಹಣೆಗಿಟ್ಟಳು. ಅವಳ ಬೆರಳು ತಣ್ಣಗಿತ್ತು.

"ಏನಜ್ಜಿ, ಮರ ಹೆಂಗೈತೆ?" ಅಂತ ಮೊಮ್ಮಗಳು ಕೇಳಿದ್ದು ಆ ಕ್ಷಣಕ್ಕೆ ಸರಿಯಾಗಿ.

"ಚೆನ್ನಾಗೈತೆ" ಅಂದೆ.

ಆ ಹೆಂಗಸಿಗೆ ಬಿರುಕಿನ ವಿಷಯ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಮಗ ಬೀಳಿಸಿ, ಅಂಟಿಸಿ, ಅಮ್ಮನಿಗೆ ಹೇಳದೇ ಇದ್ದಿರಬಹುದು. ಅವಳ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ನನಗೆ ಗೊತ್ತಿತ್ತು, ಅಷ್ಟು ಸಾಕು. ಹಣೆಗೆ ಕುಂಕುಮ ಇಟ್ಟವಳ ಮುಖ ನೋಡಿಕೊಂಡು "ನಿಮ್ಮ ವಸ್ತು ಒಡಕು" ಅನ್ನಲು ನನ್ನ ನಾಲಿಗೆ ಏಳಲಿಲ್ಲ.

ಬಸ್ಸಿನಲ್ಲಿ ಹುಡುಗಿ ಗಿಟಾರನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತಿದ್ದಳು. "ಕೊತ್ತಂಬ್ರಿ ಕಟ್ಟಿಗೂ ಅರ್ಧ ಗಂಟೆ ಜಗಳ ಆಡ್ತೀಯ, ಇವತ್ತೇನಜ್ಜಿ ಬಾಯೇ ಬರ್ಲಿಲ್ಲ?" ಅಂತ ನಕ್ಕಳು. ಆಗಲೂ ಹೇಳಬಹುದಿತ್ತು. ವಾಪಸು ಹೋಗಿ ಕೊಟ್ಟು ಬರಬಹುದಿತ್ತು. ನಾನು ಕಿಟಕಿಯ ಕಡೆ ತಿರುಗಿದೆ. ನಮ್ಮ ಊರಿನ ಸ್ಟಾಪು ಬರುವ ಮೊದಲು, ಯಾರಾದರೂ ನೋಡಿಯಾರು ಅಂತ, ಸೆರಗಿನಿಂದ ಹಣೆ ಒರೆಸಿಕೊಂಡೆ. ಅಷ್ಟೇ ಹೊತ್ತು ಇದ್ದದ್ದು ಅದು.

ಮನೆಗೆ ಬಂದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಅದು ಮೊದಲಿನದಕ್ಕಿಂತ ದೊಡ್ಡದು. ಮನಸ್ಸು ತಡೆಯದೆ, "ತಂತೀನ ಜಾಸ್ತಿ ಬಿಗೀಬ್ಯಾಡ ಕಣಮ್ಮಿ, ಒಸಿ ಸಡಿಲಾನೇ ಇಟ್ಕೊ" ಅಂದೆ. ಯಾಕೆ ಅಂತ ಕೇಳಿದಳು. ಹಳೆ ಮರ, ಅದಕ್ಕೆ ಅಂದೆ. ಹೂಂ ಅಂದಳು.

ಮೂರು ವಾರ ದಿನಾ ಸಂಜೆ ಕೊಟ್ಟಿಗೆಯ ಜಗಲಿಯಲ್ಲಿ ನುಡಿಸಿದಳು. ಮಗಳು ಗೊಣಗುತ್ತಿದ್ದದ್ದು ಹಾಡೇ ಆಗಿತ್ತು ಅಂತ ನನಗೂ ಗೊತ್ತಾಯಿತು. ಹುಡುಗಿ ಮಾತಿಗೂ ಬಂದಳು. ಸಾರಿಗೆ ಉಪ್ಪು ಜಾಸ್ತಿ ಅನ್ನುವಷ್ಟು, ನನ್ನ ಗೊರಕೆಯನ್ನು ಅಣಕಿಸಿ ತೋರಿಸುವಷ್ಟು. ಬಿರುಕು ತಡೆದುಕೊಂಡಿತು, ಇನ್ನು ಹೇಳುವ ಅಗತ್ಯವೇ ಇಲ್ಲ ಅಂತ ನಾನು ಧೈರ್ಯ ಮಾಡಿಕೊಂಡೆ.

ಕಾಲೇಜ್ ಡೇಗೆ ನಾನು ಹೋಗಲಿಲ್ಲ, ಹಸು ಕರು ಹಾಕುವುದಿತ್ತು. ಸಂಜೆ ಆರರ ಬಸ್ಸಿಗೆ ಬಂದಳು. ಗಿಟಾರಿನ ಚೀಲ ಅಂಗಳದಲ್ಲೇ ಇಟ್ಟಳು. ತೆಗೆದು ನೋಡಿದೆ. ತಲೆ ಕತ್ತಿನಿಂದ ಕಳಚಿ ತಂತಿಗಳಲ್ಲಿ ನೇತಾಡುತ್ತಿತ್ತು. ವೇದಿಕೆಯ ಮೇಲೆ, ವಯರು ಚುಚ್ಚಿ, ಶ್ರುತಿ ಸರಿಮಾಡಲು ಒಂದು ತಂತಿ ಬಿಗಿದಾಗ ಪಟಾರ್ ಅಂತ ಹೋಗಿದೆ. ಸ್ಪೀಕರಿಗೆ ಕೊಟ್ಟಿದ್ದರಿಂದ ಆ ಸದ್ದು ಇಡೀ ಸಭೆಗೆ ಕೇಳಿಸಿದೆ. ಹಿಂದಿನ ಸಾಲಿನವರು ಶಿಳ್ಳೆ ಹಾಕಿದ್ದಾರೆ. ಅವಳು ಒಂದು ಸ್ವರವನ್ನೂ ನುಡಿಸಲಿಲ್ಲ.

"ನೀನ್ ಹೇಳಿದ್ದೆ ಅಜ್ಜಿ. ನಾನೇ ಬಿಗಿದ್ಬುಟ್ಟೆ."

ನಾನು ಗಿಟಾರನ್ನು ಚೀಲಕ್ಕೆ ವಾಪಸು ಹಾಕಿದೆ.

"ನನ್ ಕೈಯೇ ಸರಿಯಿಲ್ಲ. ಅಮ್ಮಂಗೂ ನಾನೇ ಮಾತ್ರೆ ಕೊಟ್ಟಿದ್ದು. ಏನ್ ಮುಟ್ಟಿದ್ರೂ ಹಿಂಗೇ ಆಯ್ತದೆ."

ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊಸ ಕರುವನ್ನು ನೋಡು ಬಾ ಅಂದರೆ, ಬೇಡ, ನಾನು ಮುಟ್ಟುವುದಿಲ್ಲ ಅಂದಳು. ಎರಡು ವರ್ಷ ಅವಳು ಬಾಯಿ ಮುಚ್ಚಿಕೊಂಡಿದ್ದದ್ದು ಯಾಕೆ ಅಂತ ನನಗೆ ಅವತ್ತು ತಿಳಿಯಿತು. ತಾಯಿಯನ್ನು ತಾನೇ ಕೊಂದೆ ಅಂತ ಅಂದುಕೊಂಡಿದ್ದಳು. ಅದರ ಮೇಲೆ ನಾನು ಇನ್ನೊಂದನ್ನು ಹೊರಿಸಿದ್ದೆ.

ಮಾರನೆಯ ಬೆಳಿಗ್ಗೆ ಅವಳು ನಲ್ಲಿಯ ಹತ್ತಿರ ಬಿಂದಿಗೆಗೆ ನೀರು ಹಿಡಿಯುತ್ತಿದ್ದಳು. ನಾನು ಮುರಿದ ತಲೆಯನ್ನು ತಂತಿ ಕತ್ತರಿಸಿ ಬಿಡಿಸಿಕೊಂಡು ಹೋದೆ. ಅವಳ ಬೆರಳು ಹಿಡಿದು ಮುರಿದ ಕಡೆ ಇಟ್ಟೆ.

"ಇಲ್ಲಿ ನೋಡು. ಈ ಅರ್ಧ ಬೆಳ್ಳಗೈತೆ, ಇದು ನಿನ್ನೆ ಮುರಿದದ್ದು. ಈ ಅರ್ಧ ಕಪ್ಪಗೈತೆ. ಹಳದಿ ಅಂಟು ಒಣಗೈತೆ ನೋಡು. ಇದು ತರೋಕ್ ಮುಂಚೇನೇ ಸೀಳಿತ್ತು. ನಿನ್ ಕೈ ಅಲ್ಲ."

ಅಂಟಿನ ಗೆರೆಯ ಮೇಲೆ ತಾನೇ ಉಗುರು ಎಳೆದು ನೋಡಿದಳು. ಬಿಂದಿಗೆ ತುಂಬಿ ಚೆಲ್ಲುತ್ತಿತ್ತು.

"ಅವತ್ತು ನಿಂಗೆ ಗೊತ್ತಾಗ್ಲಿಲ್ವ ಅಜ್ಜಿ?"

"ಗೊತ್ತಾಯ್ತು."

"ಗೊತ್ತಾಗಿ?"

"ಅವ್ಳು ನನ್ ಹಣೆಗೆ ಕುಂಕುಮ ಇಟ್ಟಿದ್ಲು. ಹೇಳಕ್ ಬಾಯ್ ಬರ್ಲಿಲ್ಲ."

"ಒಂದ್ ಚಿಟಿಕೆ ಕುಂಕುಮಕ್ಕಾ?"

"ಹೂಂ."

ಅವಳ ಮುಖ ನೋಡುವುದು ನನ್ನ ಕೈಲಾಗಲಿಲ್ಲ. ಆದರೂ ಉಳಿದದ್ದನ್ನು ಹೇಳಿದೆ. "ನಿಮ್ಮಮ್ಮಂಗೂ ಅಷ್ಟೇ. ನೀನ್ ಕೊಟ್ಟಿದ್ದು ಡಾಕ್ಟ್ರು ಬರೆದಿದ್ ಮಾತ್ರೆ. ದೊಡ್ಡಾಸ್ಪತ್ರೆಗೆ ಬ್ಯಾಡ, ಮನೇಲೇ ವಾಸಿಯಾಯ್ತದೆ ಅಂತ ತಡ ಮಾಡಿದ್ದು ನಾನು. ನಿನ್ ಕೈ ಯಾವತ್ತೂ ಸರಿಯಾಗೇ ಐತೆ."

ಅವಳು ನನ್ನ ಕೈಯಿಂದ ಆ ಮರದ ತುಂಡು ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು, ಒಳಗೆ ಹೋದಳು. ಬಾಗಿಲು ಹಾಕಿದ ಸದ್ದು ಕೇಳಿಸಿತು. ನಾನು ಕರೆಯಲಿಲ್ಲ. ನಲ್ಲಿ ನಿಲ್ಲುವ ಹೊತ್ತಾಗಿತ್ತು. ಉಳಿದ ಎರಡು ಬಿಂದಿಗೆ ನಾನೇ ತುಂಬಿಸಿದೆ.