ಅತ್ತೆ ಕೆರೆದು ತೆಗೆದ ನೀಲಿ

2006ರಲ್ಲಿ ನಾವು ಗಲ್ಫಿನ ಮುಐದರ್‌ನಲ್ಲಿದ್ದೆವು. ನಾನು ಏಳು ತಿಂಗಳ ಬಸುರಿ. ಬಾಣಂತನಕ್ಕೆಂದು ಉಡುಪಿಯಿಂದ ಅತ್ತೆ ಬಂದಿದ್ದರು. ಗಂಡನ ಆಫೀಸಿನ ಇಟಲಿಯವನು ರಜೆ ಮುಗಿಸಿ ಬರುವಾಗ ತನ್ನ ಊರ ಕಡೆಯ ಗೊರ್ಗೊಂಝೋಲಾ ಚೀಸ್ ತಂದುಕೊಟ್ಟಿದ್ದ. ಮೆತ್ತಗಿನ ಬಿಳಿ ತುಂಡು, ಒಳಗೆಲ್ಲ ನೀಲಿ ಬೂಷ್ಟು. ಅತ್ತೆ ಉಪ್ಪಿನಕಾಯಿಯ ಬೂಷ್ಟು ತೆಗೆಯುವ ಹಾಗೆ ಚೂರಿಯ ತುದಿಯಿಂದ ನೀಲಿಯನ್ನೆಲ್ಲ ಕೆರೆದು ಎಸೆದರು. ಉಳಿದದ್ದನ್ನು ಚಪಾತಿಗೆ ಸವರಿಕೊಟ್ಟರು.

“ಹಾಲಿನದ್ದೇ ಅಲ್ವಾ, ಮಗುವಿಗೆ ಒಳ್ಳೇದು. ತಿನ್ನು.”

ತಿಂದೆ. ಸಂಜೆ ಗಂಡ ಥ್ಯಾಂಕ್ಸ್ ಹೇಳಲು ಫೋನ್ ಮಾಡಿದಾಗ ಇಟಲಿಯವನು ಗಾಬರಿಯಿಂದ ಕೇಳಿದ್ದು, ನಾನು ಅದನ್ನು ಹಸಿಯಾಗಿ ತಿಂದೆನಾ ಎಂದು.

ಮರುದಿನ ಡಾಕ್ಟರ್ ಬಿಡಿಸಿ ಹೇಳಿದರು. ಆ ಬೂಷ್ಟು ಬೇಕೆಂದೇ ಬೆಳೆಸಿದ್ದು, ಅದರಿಂದ ತೊಂದರೆಯಿಲ್ಲ. ಆದರೆ ಇಂಥ ಮೆತ್ತಗಿನ ಚೀಸಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರಬಹುದು. ಬೇಯಿಸದೆ ತಿಂದರೆ ಹೊಟ್ಟೆಯಲ್ಲಿರುವ ಮಗುವಿಗೇ ಅಪಾಯ. ಕೆಲವು ವಾರ ಗಮನವಿಡಿ, ಜ್ವರ ಬಂದರೆ ಕೂಡಲೇ ಬನ್ನಿ ಎಂದರು.

ನನಗೆ ಮೈಯೆಲ್ಲ ಉರಿಯಿತು. “ಎಲ್ಲಾ ಗೊತ್ತಿದ್ದವರ ಹಾಗೆ ಮಾಡ್ತೀರಿ” ಎಂದು ಅತ್ತೆಗೆ ಅಂದುಬಿಟ್ಟೆ. ಆಮೇಲೆ ಮಾತೇ ಬಿಟ್ಟೆ. ಅವರು ದಿನಕ್ಕೆ ಮೂರು ಸಲ ಬಂದು ನನ್ನ ಹಣೆ ಮುಟ್ಟಿ ನೋಡುತ್ತಿದ್ದರು, ನಾನು ಕೈ ತಳ್ಳುತ್ತಿದ್ದೆ. ವಾರಗಳು ಕಳೆದರೂ ಜ್ವರ ಬರಲಿಲ್ಲ. ಅವರು ಮುಟ್ಟುವುದನ್ನೂ ಬಿಡಲಿಲ್ಲ.

ಹೆರಿಗೆಯಾದ ದಿನ ನರ್ಸ್ ಮಗಳನ್ನು ತಂದು ಅವರ ಮುಂದೆ ಹಿಡಿದಳು. ಅತ್ತೆ ನರ್ಸನ್ನು ದಾಟಿ ಬಂದು, ಮೊದಲು ನನ್ನ ಹಣೆ ಮುಟ್ಟಿದರು.