ಅಪ್ಪನ ‘ಬ್ಯಾಡ’

ನನಗೆ ನಾನೇ ಸಂದೇಶ ಕಳಿಸಿಕೊಳ್ಳುವ ಒಂದು ಜಾಗ ನನ್ನ ಫೋನಿನಲ್ಲಿದೆ. ಆಫೀಸಿನ ಕಂಪ್ಯೂಟರಿನಲ್ಲಿ ಕಣ್ಣಿಗೆ ಬಿದ್ದ ಲಿಂಕು, ಕರೆಂಟ್ ಬಿಲ್ಲಿನ ನಂಬರು, ಯಾರೋ ಹೇಳಿದ ಗೋಂಗುರ ಚಟ್ನಿಯ ವಿಧಾನ, ಎಲ್ಲವನ್ನೂ ಕಂಪ್ಯೂಟರಿನಿಂದ ಅಲ್ಲಿಗೆ ಎಸೆಯುತ್ತೇನೆ. ಆಮೇಲೆ ಮಾದಾಪುರದಿಂದ ಮನೆಗೆ ಬರುವಾಗ ಮೆಟ್ರೊದಲ್ಲಿ ನಿಂತು ಫೋನಿನಲ್ಲಿ ತೆಗೆದು ನೋಡುತ್ತೇನೆ. ಅರ್ಧಕ್ಕರ್ಧ ನೋಡುವುದೂ ಇಲ್ಲ. ಬೇರೆಯವರು ನೋಡಿದರೆ ಕಸದ ಬುಟ್ಟಿ ಅಂದಾರು. ನನ್ನ ಅಪ್ಪ ಬದುಕಿದ್ದ ಕೊನೆಯ ವರ್ಷದಲ್ಲಿ ಆಡಿದ ಮಾತೆಲ್ಲ ಆ ಬುಟ್ಟಿಯಲ್ಲೇ ಇದೆ.

ಅಪ್ಪ ಬೀದರ್ ಕಡೆಯವನು. ಚಿಕ್ಕಂದಿನಲ್ಲೇ ಕಾಚಿಗೂಡದ ಸೋದರಮಾವನ ಮನೆಗೆ ಬಂದ. ಮನೆಗೆ ಹತ್ತಿರ ಇದ್ದದ್ದು ಉರ್ದು ಶಾಲೆ, ಅದಕ್ಕೇ ಹಾಕಿದರು. ದೊಡ್ಡವನಾದ ಮೇಲೆ ಛತ್ತಾ ಬಜಾರಿನ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಉರ್ದು ಮದುವೆ ಪತ್ರಿಕೆ ಟೈಪು ಮಾಡುವ ಕೆಲಸ ಹಿಡಿದ. ಹಳೇ ಶಹರದ ಎಷ್ಟೋ ನಿಕಾಹ್‌ಗಳ ಪತ್ರಿಕೆ ಅವನ ಬೆರಳಿನಿಂದಲೇ ಹೊರಟದ್ದು. ಮನೆಯಲ್ಲಿ ಆಡುವುದು ಅಪ್ಪಟ ಕನ್ನಡ, ಆದರೆ ಕನ್ನಡದ ಒಂದಕ್ಷರ ಓದಲು ಬಾರದು. ನಾನು ಕಾಚಿಗೂಡದಲ್ಲೇ ಕನ್ನಡ ಶಾಲೆಯಲ್ಲಿ ಕಲಿತವಳು, ನನಗೆ ಉರ್ದು ಅಕ್ಷರ ಗೊತ್ತಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರೆವು. ಬಾಯಿ ಇತ್ತಲ್ಲ, ಹಾಗಾಗಿ ಅದೊಂದು ಕೊರತೆ ಅಂತ ನಮಗೆ ಅನ್ನಿಸಿರಲೇ ಇಲ್ಲ.

ಬಾಯಂತೂ ಇಬ್ಬರದೂ ಜೋರು. ಅವ್ವ ತೀರಿಕೊಂಡ ಮೇಲೆ ನಡುವೆ ಬಿಡಿಸುವವರೂ ಇರಲಿಲ್ಲ. ಚಹಾಕ್ಕೆ ಸಕ್ಕರೆ ಜಾಸ್ತಿ ಆದರೆ ಜಗಳ, ನಾನು ತಡವಾಗಿ ಬಂದರೆ ಜಗಳ, ಟಿವಿಯ ಸದ್ದಿಗೆ ಜಗಳ. ಕೆಳಗಿನ ಮನೆಯ ತೆಲುಗು ಆಂಟಿ ನಮ್ಮ ಮನೆ ಒಂದು ದಿನ ಸುಮ್ಮನಿದ್ದರೆ ಆರಾಮಿದ್ದೀರಾ ಅಂತ ಮೇಲೆ ಬಂದು ವಿಚಾರಿಸುತ್ತಿದ್ದರು. ಇದು ನನ್ನ ಜೀವನದ ಸುಖದ ಕಾಲ ಅಂತ ಆಗ ಯಾರಾದರೂ ಹೇಳಿದ್ದರೆ ಅವರ ಮೇಲೂ ಜಗಳಕ್ಕೆ ಹೋಗುತ್ತಿದ್ದೆ.

ಆಮೇಲೆ ಅಪ್ಪನ ಗಂಟಲಿನಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕೊರಳಿನಲ್ಲಿ ಒಂದು ತೂತು, ಉಸಿರಾಟ ಅಲ್ಲಿಂದಲೇ. ಗುಣವಾಯಿತು ಅಂದರು ಡಾಕ್ಟರು. ಗುಣವಾದವನು ಮನೆಗೆ ಬಂದು ಪಲಂಗದ ಮೇಲೆ ಕೂತು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಕೈಸನ್ನೆಯಲ್ಲಿ ಊಟ ನಿದ್ದೆ ಹೇಳಬಹುದು, ಜಗಳ ಆಡಲಾಗುವುದಿಲ್ಲ. ಕಾಗದ ಕೊಟ್ಟರೆ ಉರ್ದುವಿನಲ್ಲಿ ಬರೆದ. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟೆ. ಆವತ್ತು ಅವನು ಅತ್ತ. ಸದ್ದೇ ಇರಲಿಲ್ಲ, ಕೊರಳಿನ ತೂತಿನಿಂದ ಬರೀ ಗಾಳಿ ಬರುತ್ತಿತ್ತು.

ದಾರಿ ಹೊಳೆದದ್ದು ಆಫೀಸಿನಲ್ಲಿ. ಎಂದಿನಂತೆ ಏನೋ ಒಂದು ಲಿಂಕನ್ನು ಕಂಪ್ಯೂಟರಿನಿಂದ ಫೋನಿಗೆ ಕಳಿಸಿದ್ದೆ. ಅದನ್ನು ತೆರೆಯುವಾಗ ಎಲ್ಲೋ ಕೈ ತಾಗಿ ಫೋನು ಆ ಪುಟವನ್ನು ತಾನೇ ಗಟ್ಟಿಯಾಗಿ ಓದತೊಡಗಿತು. ಹಾಗಿದ್ದರೆ ಉರ್ದುವನ್ನೂ ಓದೀತಲ್ಲ ಅಂದುಕೊಂಡೆ. ಅಂದೇ ಸಂಜೆ ನನ್ನ ಹಳೆಯ ಕಂಪ್ಯೂಟರನ್ನು ಅಪ್ಪನ ಪಲಂಗದ ಪಕ್ಕಕ್ಕೆ ತಂದಿಟ್ಟು, ನನ್ನ ಫೋನಿನ ಆ್ಯಪನ್ನೇ ಅದರಲ್ಲೂ ತೆರೆದುಕೊಟ್ಟೆ. ಅಪ್ಪ ಕನ್ನಡದ ಮಾತನ್ನು ಉರ್ದು ಅಕ್ಷರದಲ್ಲಿ ಟೈಪು ಮಾಡಬೇಕು. ಅದು ನಾನು ನನಗೇ ಕಳಿಸಿಕೊಂಡ ಹಾಗೆ ನನ್ನ ಆ ಕಸದ ಬುಟ್ಟಿಗೆ ಬಂದು ಬೀಳುತ್ತದೆ. ನಾನು ಒತ್ತಿದರೆ ಫೋನಿನೊಳಗಿನ ಹೆಂಗಸು ಅದನ್ನು ಉರ್ದು ಅಂತಲೇ ತಿಳಿದು ಓದುತ್ತಾಳೆ. ಅವಳಿಗೆ ಏನು ಓದುತ್ತಿದ್ದೇನೆ ಅಂತ ಗೊತ್ತಿಲ್ಲ. ಕೇಳುವ ನನಗೆ ಗೊತ್ತು.

ಮೊದಲ ಸಲ ಆ ಹೆಂಗಸು, ಯಾವುದೋ ನವಾಬರ ಮನೆಯ ಗತ್ತಿನಲ್ಲಿ, ‘ಊಟ್ ಮಾಡಿದೀ?’ ಅಂತ ಕೇಳಿದಾಗ ನಾನು ನೆಲದ ಮೇಲೆ ಕೂತು ನಕ್ಕೆ, ನಗುತ್ತಲೇ ಅತ್ತೆ. ಅಪ್ಪ ಅವಳಿಗೆ ಬೇಗಂ ಅಂತ ಹೆಸರಿಟ್ಟ. ಬೇಗಂಗೆ ನಮ್ಮ ಳಕಾರ ಬರುವುದಿಲ್ಲ, ಉರ್ದುವಿನಲ್ಲಿ ಆ ಅಕ್ಷರವೇ ಇಲ್ಲವಂತೆ. ಒಂದು ದಿನ ಮೆಟ್ರೊದಲ್ಲಿ ಇಯರ್‌ಫೋನು ಮರೆತು ಒತ್ತಿಬಿಟ್ಟೆ. ‘ಸಾರ್ ಭಾಲ್ ಹುಲಿ ಆಗೇತಿ’ ಅಂತ ಅವಳು ಬೋಗಿ ತುಂಬ ಕೇಳುವಂತೆ ಸಾರಿದಳು. ಬೆಳಿಗ್ಗೆ ನಾನು ಮಾಡಿಟ್ಟ ಸಾರು ಭಾಳ ಹುಳಿ ಆಗಿದೆ ಅನ್ನುವ ದೂರು ಅದು. ಇಳಿದ ಕೂಡಲೇ ಫೋನು ಮಾಡಿ, ಹುಲಿ ತಿನ್ನಲಾರದವನು ಉಪವಾಸ ಇರು ಅಂದೆ. ಅವನ ಹತ್ತಿರ ಒಂದು ಸಣ್ಣ ಫೋನಿತ್ತು. ನಾನು ಮಾತಾಡುವುದು, ಅವನು ಕೇಳಿ ಟೈಪು ಮಾಡುವುದು. ಹೀಗೆ ನಮ್ಮ ಜಗಳ ಮತ್ತೆ ಶುರುವಾಯಿತು. ಆಂಟಿ ಮೇಲೆ ಬಂದು ವಿಚಾರಿಸುವುದನ್ನು ಬಿಟ್ಟರು.

ಅಪ್ಪ ಅತಿ ಹೆಚ್ಚು ಕಳಿಸುತ್ತಿದ್ದ ಮಾತು ಒಂದೇ, ‘ಬ್ಯಾಡ’. ಬೇಗಂ ಬಾಯಿಯಲ್ಲಿ ಅದು ‘ಬಿಯಾಡ್’. ಗುಳಿಗಿ ಬಿಯಾಡ್, ಹಾಲು ಬಿಯಾಡ್, ಫ್ಯಾನು ಬಿಯಾಡ್. ಸ್ವೆಟರ್ ಹಾಕಿಕೋ ಅಂದರೂ ಬಿಯಾಡ್. ಚೆಕಪ್ಪಿನ ದಿನವಂತೂ ಮುಂಜಾನೆಯಿಂದ ‘ದವಾಖಾನಿ ಬಿಯಾಡ್’ ಅಂತ ಮೇಲಿಂದ ಮೇಲೆ ಬರುತ್ತಿತ್ತು. ನಾನು ಬೈದು, ರಮಿಸಿ, ಆಟೊ ತರಿಸಿ, ಎಳೆದುಕೊಂಡು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಕೂತಿರುತ್ತಿದ್ದ, ವಾಪಸು ಬರುವಾಗ ಮಾತ್ರ ಚಹಾಕ್ಕೆ ಅಂತ ಇರಾನಿ ಹೋಟೆಲ್ ಕಡೆ ಕೈ ಮಾಡುತ್ತಿದ್ದ.

ಚಳಿಗಾಲದಲ್ಲಿ ಅಪ್ಪನಿಗೆ ಕೆಮ್ಮು ಹತ್ತಿತು. ಒಂದು ಮುಂಜಾನೆ ಮೈ ಸುಡುತ್ತಿತ್ತು. ಸಂಜೆ ಬೇಗ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿ ಆಫೀಸಿಗೆ ಹೋದೆ. ಬಿಯಾಡ್ ಅಂದ. ಅದೇನು ಹೊಸದಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಒಂದು ಸಂದೇಶ ಬಂತು. ಇಯರ್‌ಫೋನು ಹಾಕಿಕೊಂಡು ಒತ್ತಿದೆ. ಬೇಗಂ ಓದಿದಳು.

‘ದವಾಖಾನಿ ಬೆಡ್.’

ಇನ್ನೊಮ್ಮೆ ಒತ್ತಿದೆ. ಅದನ್ನೇ ಓದಿದಳು. ದವಾಖಾನೆಯ ಹೆಸರೆತ್ತಿದರೆ ಮಾರು ದೂರ ಹೋಗುವವನು ತಾನಾಗಿ ದವಾಖಾನೆಯ ಬೆಡ್ ಕೇಳುತ್ತಿದ್ದಾನೆ ಅಂದರೆ ಅವನಿಗೆ ಎಷ್ಟು ತ್ರಾಸವಾಗುತ್ತಿರಬೇಕು ಅಂದುಕೊಂಡೆ. ಅವನ ಫೋನಿಗೆ ಮಾಡಿದೆ, ಎತ್ತಲಿಲ್ಲ. ಅದರಿಂದ ಇನ್ನಷ್ಟು ಗಾಬರಿ. ಊಟದ ಡಬ್ಬಿ ಅಲ್ಲೇ ಬಿಟ್ಟು, ಗುರುತಿದ್ದವರಿಗೆಲ್ಲ ಫೋನು ಮಾಡಿ, ಕಾಡಿಬೇಡಿ ಒಂದು ದವಾಖಾನೆಯಲ್ಲಿ ಬೆಡ್ ಹಿಡಿದೆ. ಆಂಬುಲೆನ್ಸ್ ಕಳಿಸಿ, ಆಂಟಿಗೆ ಬಾಗಿಲು ತೆರೆಯಲು ಹೇಳಿದೆ. ನಾನು ಕ್ಯಾಬಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಅಪ್ಪನನ್ನು ಸ್ಟ್ರೆಚರಿನಲ್ಲಿ ಕೆಳಗಿಳಿಸಿ, ಕೊರಳಿನ ತೂತಿಗೆ ಆಕ್ಸಿಜನ್ ಕೊಟ್ಟಿದ್ದರು. ನನ್ನನ್ನು ನೋಡಿ ಜೋರಾಗಿ ತಲೆ ಅಲ್ಲಾಡಿಸಿದ. ಹೆದರಿದ್ದಾನೆ ಅಂದುಕೊಂಡೆ. ಕೈ ಹಿಡಿದು ಹೇಳಿದೆ.

‘ಬೆಡ್ ಸಿಕ್ಕೈತಪ್ಪಾ. ನೀ ಹೇಳಿದಂಗ ಮಾಡೀನಿ. ಅಂಜಬ್ಯಾಡ.’

ಅವನು ನನ್ನನ್ನೇ ನೋಡಿದ. ಆಮೇಲೆ ತಲೆ ಅಲ್ಲಾಡಿಸುವುದನ್ನು ನಿಲ್ಲಿಸಿದ.

ನೇರ ಐಸಿಯುಗೆ ತೆಗೆದುಕೊಂಡು ಹೋದರು. ನಮಗೆ ಬಾಗಿಲಿನ ಗಾಜಿನಿಂದಷ್ಟೇ ನೋಡಲು ಬಿಡುತ್ತಿದ್ದರು. ಒಂದು ಕೈಗೆ ಸಲೈನು, ಇನ್ನೊಂದು ಕೈಯ ಬೆರಳುಗಳು ಹಾಸಿಗೆಯ ಮೇಲೆ ಏನನ್ನೋ ಒತ್ತುತ್ತಿದ್ದವು. ಪ್ರೆಸ್ಸಿನ ಅಭ್ಯಾಸ ಅಂತ ನರ್ಸಿಗೆ ಹೇಳಿದೆ. ಆ ವಾರವೇ ಅಪ್ಪ ಹೋದ.

ಮಾತಾಡಿಸಲು ಬಂದವರೆಲ್ಲ ಹೇಳಿದ್ದು ಒಂದೇ. ಟೈಮಿಗೆ ಬೆಡ್ ಸಿಗುವುದೇ ಕಷ್ಟ, ಪುಣ್ಯಕ್ಕೆ ನಿಮಗೆ ಸಿಕ್ಕಿತು, ಮಗಳಾಗಿ ಮಾಡಬೇಕಾದದ್ದು ಮಾಡಿದಿರಿ. ನಾನೂ ಅದನ್ನೇ ನಂಬಿಕೊಂಡೆ. ಅವನು ಜೀವನದಲ್ಲಿ ಒಂದೇ ಸಲ ಬೇಕು ಅಂದ, ಆ ಒಂದನ್ನು ನಾನು ಕೊಟ್ಟೆ. ಖಾಲಿ ಪಲಂಗದ ಪಕ್ಕ ನೆಲಕ್ಕೆ ಬಟ್ಟೆ ಹಾಸಿ ಮಲಗುವಾಗ ಈ ಮಾತನ್ನು ಹೇಳಿಕೊಂಡರೆ ಕಣ್ಣು ಹತ್ತುತ್ತಿತ್ತು.

ಬೇಸಿಗೆಯಲ್ಲಿ ನನಗೆ ಉರ್ದು ಕಲಿಯುವ ಮನಸ್ಸಾಯಿತು. ಅಪ್ಪನ ಮಾತನ್ನು ಬೇಗಂ ಬಾಯಿಂದ ಕೇಳಿ ಸಾಕಾಗಿತ್ತು, ನಾನೇ ಓದಬೇಕು ಅನ್ನಿಸಿತು. ಅಕ್ಷರಮಾಲೆಯ ಒಂದು ಪುಸ್ತಕ ತಂದೆ. ಪಾಠ ಮಾತ್ರ ಅಪ್ಪನ ಸಂದೇಶಗಳೇ. ಏನು ಬರೆದಿದ್ದಾನೆ ಅಂತ ಕೇಳಿ ಗೊತ್ತಿದ್ದುದರಿಂದ ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಕೂಡಿಸುವುದು ಕಷ್ಟವಾಗಲಿಲ್ಲ. ನೋಡಿದ ಕೂಡಲೇ ಗುರುತು ಹತ್ತಿದ ಮೊದಲ ಶಬ್ದ ‘ಬ್ಯಾಡ’. ಸಾಲು ಸಾಲಿಗೂ ಅದೇ ಇತ್ತಲ್ಲ. ನಾಲ್ಕು ಅಕ್ಷರ, ನಡುವೆ ನೆಟ್ಟಗೆ ನಿಂತ ಒಂದು ಗೆರೆ. ಆ ಗೆರೆಯ ಹೆಸರು ಅಲಿಫ್. ಕಂಡಲ್ಲೆಲ್ಲ ನಗು ಬರುತ್ತಿತ್ತು, ಬಂತಪ್ಪಾ ನಿನ್ನ ಬಿಯಾಡ್ ಅಂತ ಮುಂದೆ ಹೋಗುತ್ತಿದ್ದೆ.

ಹಾಗೆ ಓದುತ್ತ ಓದುತ್ತ, ನಡುವಿನ ನನ್ನ ಲಿಂಕುಗಳನ್ನೂ ಬಿಲ್ಲುಗಳನ್ನೂ ದಾಟಿ, ಅವನ ಕೊನೆಯ ಸಂದೇಶಕ್ಕೆ ಬಂದೆ. ದವಾಖಾನಿ ಅಂತ ಕೂಡಿಸಿ ಓದಿದೆ. ಮುಂದಿನ ಶಬ್ದವನ್ನು ಕೂಡಿಸುವ ಮೊದಲೇ ಕಣ್ಣು ಅದನ್ನು ಬ್ಯಾಡ ಅಂತ ಗುರುತಿಸಿಬಿಟ್ಟಿತು. ಮತ್ತೆ ನೋಡಿದೆ. ಅದೇ ಶಬ್ದ, ಅಲಿಫ್ ಇರಲಿಲ್ಲ. ಉಸಿರು ಸಿಗದೆ ಒತ್ತುವಾಗ ಒಂದು ಕೀಲಿ ತಪ್ಪಿದೆ. ಆ ಗೆರೆ ಬಿಟ್ಟರೆ ಉಳಿಯುವುದನ್ನು ಉರ್ದುವಿನಲ್ಲಿ ಬೆಡ್ ಅಂತಲೇ ಓದಬೇಕು, ಬೇಗಂ ಸರಿಯಾಗಿಯೇ ಓದಿದ್ದಳು. ಅಪ್ಪ ತನ್ನ ಜನ್ಮದಲ್ಲಿ ಬೆಡ್ ಅಂದವನಲ್ಲ, ಪಲಂಗ ಅನ್ನುತ್ತಿದ್ದ. ನನಗೆ ಆವತ್ತೇ ಅದು ಹೊಳೆಯಬಾರದಿತ್ತೇ?

ಪುಸ್ತಕ ಮಡಚಿಟ್ಟೆ. ನೀ ಹೇಳಿದಂಗ ಮಾಡೀನಿ ಅಂತ ನಾನು ಅವನ ಮುಖಕ್ಕೆ ಹೇಳಿದ್ದು ನೆನಪಾಯಿತು. ಬ್ಯಾಡ ಅಂತಲೇ ಕೇಳಿಸಿದ್ದರೆ ನಾನು ಕರೆದುಕೊಂಡು ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದೆ. ಅಷ್ಟು ಜ್ವರದಲ್ಲಿ ಯಾವ ಮಗಳೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಆದರೆ ಮೊದಲು ಜಗಳ ಆಡುತ್ತಿದ್ದೆ. ಅವನು ಬ್ಯಾಡ ಅನ್ನುತ್ತಿದ್ದ, ನಾನು ಬೈಯುತ್ತಿದ್ದೆ, ಅವನು ಮತ್ತೆ ಬ್ಯಾಡ ಅನ್ನುತ್ತಿದ್ದ. ಸೋತರೂ ತನ್ನ ಮಾತು ಮಗಳಿಗೆ ಮುಟ್ಟಿದೆ ಅಂತ ಗೊತ್ತಿದ್ದು, ಮುಖ ಊದಿಸಿಕೊಂಡೇ ಹೋಗುತ್ತಿದ್ದ. ಅಷ್ಟೂ ಅವನಿಗೆ ಸಿಗಲಿಲ್ಲ.

ಕಂಪ್ಯೂಟರು ಪಲಂಗದ ಪಕ್ಕ ಇಟ್ಟಲ್ಲೇ ಇದೆ. ಮೊನ್ನೆ ಭಾನುವಾರ ಅದರ ಧೂಳು ಒರೆಸಿ ಶುರು ಮಾಡಿದೆ. ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತು ಆ ಸಾಲನ್ನು ಮತ್ತೆ ಟೈಪು ಮಾಡಿದೆ. ಅಲಿಫ್ ಯಾವ ಕೀಲಿಯಲ್ಲಿದೆ ಅಂತ ಹುಡುಕಿ ಒತ್ತಿ, ಫೋನಿಗೆ ಕಳಿಸಿದೆ. ಬೇಗಂ ತನ್ನ ಅದೇ ಗತ್ತಿನಲ್ಲಿ ಓದಿದಳು.

‘ದವಾಖಾನಿ ಬಿಯಾಡ್.’

‘ಬ್ಯಾಡ ಅಂದ್ರ ಹ್ಯಾಂಗಪ್ಪಾ?’ ಅಂದೆ, ಕೆಳಗಿನ ಮನೆಗೆ ಕೇಳುವಷ್ಟು ಗಟ್ಟಿಯಾಗಿ. ‘ಮುಂಜಾನಿಂದ ಮೈ ಸುಡಾಕತ್ತೈತಿ. ಇಲ್ಲೇ ಕುಂತು ಏನ್ ಮಾಡ್ತಿ?’

ಫೋನು ಕೈಯಲ್ಲಿ ಹಿಡಿದುಕೊಂಡು ಅವನು ಏನನ್ನುತ್ತಾನೋ ಅಂತ ಕಾದೆ.