ಹಸುವಿಗೆ ಹೇಳಿದ ಪಾಸ್‌ವರ್ಡ್

ನಮ್ಮ ಮನೆಯನ್ನು ಭಾಗ ಮಾಡಿದ ದೊಡ್ಡಮನುಷ್ಯರು ತಮ್ಮ ಕೈಲಾದಷ್ಟು ಸರಿಯಾಗಿಯೇ ಮಾಡಿದರು. ನಡುಮನೆಗೆ ಅಡ್ಡಲಾಗಿ ಗೋಡೆ ಎಬ್ಬಿಸಿದರು, ಹಿತ್ತಿಲಿಗೆ ಬೇಲಿ ಹಾಕಿಸಿದರು, ಹಂಡೆ ನನ್ನ ಗಂಡನ ಅಣ್ಣನಿಗೆ, ಅಂದರೆ ಭಾವನಿಗೆ, ಒರಳು ನಮಗೆ ಎಂದರು. ಹಸು ಮಾತ್ರ ಒಂದೇ ಇತ್ತು. ಅದನ್ನು ಹೇಗೆ ಪಾಲು ಮಾಡುವುದೆಂದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಬೆಳಗಿನ ಹಾಲು ಭಾವನ ಮನೆಗೆ, ಸಂಜೆಯದು ನಮಗೆ ಎಂದು ಎದ್ದು ಹೋದರು. ಸಗಣಿಯ ಮಾತನ್ನು ಯಾರೂ ಎತ್ತಲಿಲ್ಲವಾದ್ದರಿಂದ ಆ ಜಗಳ ಇವತ್ತಿಗೂ ಹಸಿಯಾಗಿಯೇ ಇದೆ. ಗೋಡೆ ಕೊಟ್ಟಿಗೆಯ ತನಕ ಬಂದು ನಿಂತುಬಿಟ್ಟಿದೆ. ಅಲ್ಲಿ, ಎರಡೂ ಮನೆಯ ಅಡುಗೆಮನೆ ಕಿಟಕಿಗಳ ನಡುವೆ, ಹಸು ಮೆಲುಕು ಹಾಕುತ್ತಾ ನಿಂತಿರುತ್ತದೆ.

ಭಾವನ ಹೆಂಡತಿ, ಅಂದರೆ ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದು ಕರೆಯುತ್ತೇನೆ. ನುಗ್ಗೆಮರದ ರಂಪವಾದ ಮೇಲೆ ಅದೂ ನಿಂತಿತ್ತು. ಮರದ ಬುಡ ನಮ್ಮ ಕಡೆ, ಕಾಯಿ ಬಿಡುವ ಕೊಂಬೆಗಳೆಲ್ಲ ಅವರ ಕಡೆ. ನೀರು ಹೊತ್ತು ಹಾಕುವವಳು ನಾನು, ಸಾರು ಮಾಡಿ ಉಣ್ಣುವವಳು ಅವಳು. ಒಂದು ದಿನ ನಾನು ಈ ಮಾತನ್ನು ಸ್ವಲ್ಪ ಜೋರಾಗಿ ಹೇಳಿದೆ. ಮಾರನೇ ಬೆಳಿಗ್ಗೆ ಆ ಕೊಂಬೆಗಳನ್ನೆಲ್ಲ ಕಡಿದು ನಮ್ಮ ಬಾಗಿಲ ಮುಂದೆ ಗುಡ್ಡೆ ಹಾಕಿದ್ದಳು. ಅವತ್ತಿನಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಮಾತು ಬಿಟ್ಟವರಿಗೂ ಹೇಳಲೇಬೇಕಾದ ಸಂಗತಿಗಳು ಇರುತ್ತವೆ. ಅಂಥದ್ದನ್ನು ನಾಯಿಗೋ ದನಕ್ಕೋ ಹೇಳುವುದು ನಮ್ಮ ಕಡೆಯ ಪದ್ಧತಿ. ಅಕ್ಕ ಕಿಟಕಿಯಲ್ಲಿ ನಿಂತು, 'ಏ ಅಸವೇ, ನಲ್ಲೀಲಿ ನೀರ್ ಬತ್ತಾ ಅದೆ, ಇಡ್ಕಳೋರು ಇಡ್ಕಳ್ಲಿ' ಎನ್ನುತ್ತಾಳೆ. ಕೇಳಿಸಿಕೊಂಡೆನೆಂದು ಹಸುವಿಗೆ ತೋರಿಸಲು ನಾನು ಕೊಡ ಬಡಿಯುತ್ತೇನೆ. ಇದಕ್ಕೊಂದು ಕಟ್ಟಳೆ ಉಂಟು: ಹಸುವಿಗೆ ಪ್ರಶ್ನೆ ಕೇಳುವ ಹಾಗಿಲ್ಲ. ಕೇಳಿದರೆ ಹಸುವಂತೂ ಬಾಯಿ ಬಿಡುವುದಿಲ್ಲ, ಉತ್ತರವನ್ನು ಆ ಕಡೆಯವರೇ ಕೊಡಬೇಕು. ಕೊಟ್ಟರೆ ಮಾತಾಡಿದ ಹಾಗಾಯಿತು. ಕೇಳಿದವರು ಸೋತ ಹಾಗೆ. ನಾವಿಬ್ಬರೂ ಸೋಲುವ ಪೈಕಿ ಅಲ್ಲ.

ಗಂಡಸರ ಕತೆಯೇ ಬೇರೆ. ನನ್ನ ಗಂಡನೂ ಅವರಣ್ಣನೂ ತಾಳವಾಡಿಯ ಟೀ ಅಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಒಂದೇ ತಟ್ಟೆಯ ಬೋಂಡಾ ತಿನ್ನುತ್ತಾರೆ. ಗಡಿಯಂಚಿನಲ್ಲಿ ತಮಿಳುನಾಡಿಗೆ ಸೇರಿದ ನಮ್ಮೂರು ದೊಡ್ಡಗಾಜನೂರಿನ ಹತ್ತಿರ ಬರುತ್ತಿದ್ದಂತೆ ಇಬ್ಬರೂ ಮುಖ ಗಂಟಿಕ್ಕಿಕೊಂಡು ಒಬ್ಬರಿಂದೊಬ್ಬರು ದೂರ ನಡೆಯುತ್ತಾರೆ. ನಮಗೆ ಗೊತ್ತಿಲ್ಲವೆಂದು ತಿಳಿದಿದ್ದಾರೆ, ಪಾಪ.

ಇಷ್ಟನ್ನೂ ಹೇಳಬೇಕಾದದ್ದು ಹೆಬ್ಬೆಟ್ಟಿನ ಉಗುರಿನಷ್ಟು ಸಣ್ಣದೊಂದು ವಸ್ತುವಿನಿಂದಾಗಿ. ಮದುವೆಗೆ ಮುಂಚೆ ನಾನು ಚಾಮರಾಜನಗರದ ಕಡೆ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಿದ್ದವಳು. ಮದುವೆಯಾದ ಮೇಲೆ ಟೊಮೆಟೊ ಗಿಡಕ್ಕೆ ಕಡ್ಡಿ ನೆಡುವವಳಾದೆ. ಟೊಮೆಟೊ ಗಿಡಗಳು ಹೇಳಿದ ಮಾತು ಕೇಳುತ್ತವೆ ನಿಜ, ಆದರೆ ತಿರುಗಿ ಪ್ರಶ್ನೆ ಕೇಳುವುದಿಲ್ಲ; ಅದು ನನಗೆ ಬೇಜಾರು. ಹೀಗಿರುವಾಗ ತಿರುಪ್ಪೂರಿನಲ್ಲಿ ನೆಲೆಸಿರುವ ನಮ್ಮ ಕಡೆಯ ನಾಲ್ಕಾರು ಮನೆಯವರು, ತಮ್ಮ ಮಕ್ಕಳಿಗೆ ಕನ್ನಡ ಓದಲು ಬರೆಯಲು ಬರುವುದಿಲ್ಲ, ಕಂಪ್ಯೂಟರಿನಲ್ಲಿ ಭಾನುವಾರ ಭಾನುವಾರ ಕಲಿಸುತ್ತೀರಾ ಎಂದು ಕೇಳಿದರು. ನಾನು ಅವರ ಮಾತು ಮುಗಿಯುವ ಮೊದಲೇ ಹೂಂ ಅಂದೆ. ಒಂದು ವಾರ ನೋಡೋಣ, ನೆಟ್‌ವರ್ಕ್ ಸರಿಹೋಗದಿದ್ದರೆ ಚಾಮರಾಜನಗರದಲ್ಲಿ ಇನ್ನೊಬ್ಬರು ಮೇಡಂ ಇದ್ದಾರೆ ಎಂದು ಸೇರಿಸಿದರು. ಆ ಇನ್ನೊಬ್ಬರು ಮೇಡಂ ಮೇಲೆ ನನಗೆ ಮುಖ ನೋಡದೆಯೇ ಹಗೆ ಹುಟ್ಟಿತು.

ನಮ್ಮ ಮನೆಯೊಳಗೆ ಫೋನಿನ ಸಿಗ್ನಲ್ ಎಂಬುದು ಗಡಿ ದಾಟುವ ಆನೆಯ ಹಾಗೆ. ಈ ಗಳಿಗೆ ಈ ರಾಜ್ಯದ ಟವರು, ಮರುಗಳಿಗೆ ಆ ರಾಜ್ಯದ್ದು, ಆಮೇಲೆ ಯಾವುದೂ ಇಲ್ಲ. ಸರಿಯಾದ ಇಂಟರ್ನೆಟ್ ಇದ್ದದ್ದು ರಸ್ತೆ ಕಡೆಗಿರುವ ಭಾವನ ಮನೆಯಲ್ಲಿ. ಕಂಬದಿಂದ ಕೇಬಲ್ ಎಳೆಸಿಕೊಂಡು ಅವರು ಸಂಜೆಯೆಲ್ಲ ಫೋನಿನ ವಿಡಿಯೋದಲ್ಲಿ ಯಾರದೋ ಹೊಲದಲ್ಲಿ ಯಾರದೋ ಟ್ರ್ಯಾಕ್ಟರು ಓಡುವುದನ್ನು ನೋಡುತ್ತಾರೆ. ತಮ್ಮದು ಹೊರಗೆ ನಿಂತಿರುತ್ತದೆ. ನಮಗೂ ಎಳೆಯಿರಿ ಎಂದರೆ ಕೇಬಲಿನವನು, ಕಂಬದ ಡಬ್ಬಿಯಲ್ಲಿ ಜಾಗ ಇಲ್ಲ, ಮುಂದಿನ ತಿಂಗಳು ನೋಡೋಣ ಎಂದ.

ನಮ್ಮ ಕಂಪ್ಯೂಟರು ತಾಳವಾಡಿಯಲ್ಲಿ ಮುಚ್ಚಿಹೋದ ಬ್ರೌಸಿಂಗ್ ಸೆಂಟರಿನದು. ಅದಕ್ಕೆ ವೈಫೈ ಎಂಬುದೇ ಗೊತ್ತಿಲ್ಲ. ಯುಎಸ್‌ಬಿಗೆ ಚುಚ್ಚುವ, ಉಗುರಿನಷ್ಟು ಸಣ್ಣ ಅಡಾಪ್ಟರ್ ಒಂದು ಸಿಗುತ್ತದೆ, ಹಾಕಿದರೆ ಗೋಡೆಯಾಚೆಯ ವೈಫೈ ಕೂಡ ಹಿಡಿಯುತ್ತದೆ ಎಂದು ಕೇಳಿ ನನ್ನ ಗಂಡ ತಂದುಕೊಟ್ಟರು. ಚುಚ್ಚಿದೆ. ಕಂಪ್ಯೂಟರು 'ಟಿಂಗ್' ಎಂದಿತು, ಮುಂದಕ್ಕೆ ಏನೂ ಇಲ್ಲ. ಡಬ್ಬಿಯಲ್ಲಿ ರಾಗಿರೊಟ್ಟಿಗಿಂತ ಚಿಕ್ಕದೊಂದು ಸಿಡಿ ಇತ್ತು. ಅದರಲ್ಲಿ ಡ್ರೈವರ್ ಎಂಬ ಸಾಫ್ಟ್‌ವೇರ್ ಇದೆ, ಡ್ರೈವರ್ ಹಾಕದಿದ್ದರೆ ಅಡಾಪ್ಟರ್ ಕೆಲಸ ಮಾಡುವುದಿಲ್ಲ ಎಂದು ಚೀಟಿಯಲ್ಲಿ ಬರೆದಿತ್ತು. ನಮ್ಮ ಕಂಪ್ಯೂಟರಿನ ಸಿಡಿ ಬಾಯಿ ಹಲ್ಲು ಕಚ್ಚಿಕೊಂಡು ಕೂತಿದೆ, ಪಿನ್ನು ಹಾಕಿ ಮೀಟಿದರೂ ತೆರೆಯುವುದಿಲ್ಲ. ಸಿಡಿ ಬೇಡವಾದರೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ ಎಂದೂ ಚೀಟಿಯಲ್ಲಿತ್ತು. ಇಂಟರ್ನೆಟ್ ಇದ್ದಿದ್ದರೆ ನಾನು ಇದನ್ನು ಯಾಕೆ ತರಿಸುತ್ತಿದ್ದೆ? ಈ ಚೀಟಿ ಬರೆದವನು ಸಿಕ್ಕಿದ್ದರೆ ಅವನಿಗೂ ಹಸುವಿನ ಮೂಲಕವೇ ನಾಲ್ಕು ಮಾತು ಹೇಳಿಸುತ್ತಿದ್ದೆ.

ಕೊನೆಗೆ ಊರಾಚೆ ನೀರಿನ ಟ್ಯಾಂಕಿನ ದಿಬ್ಬದ ಮೇಲೆ ನಿಂತು, ಫೋನನ್ನು ಆಕಾಶಕ್ಕೆ ಹಿಡಿದು, ಡ್ರೈವರನ್ನು ಫೋನಿಗೆ ಇಳಿಸಿಕೊಂಡೆ. ದಾರಿಯಲ್ಲಿ ಹೋದವರೆಲ್ಲ ಯಾಕೆ ಏನು ಎಂದು ಕೇಳಿದರು. ಮನೆಗೆ ಬಂದು ಚಾರ್ಜರಿನ ವೈರಿನಿಂದ ಕಂಪ್ಯೂಟರಿಗೆ ದಾಟಿಸಿ, ಕೇಳಿದ್ದಕ್ಕೆಲ್ಲ ಹೌದು ಹೌದು ಎಂದು ಒತ್ತಿದೆ. ಅಡಾಪ್ಟರಿನ ಮೂಗಿನಲ್ಲಿ ನೀಲಿ ದೀಪ ಮಿಣುಕಿತು. ತೆರೆಯ ಮೇಲೆ ಒಂದೇ ಒಂದು ವೈಫೈ ಕಂಡಿತು. ಅದರ ಹೆಸರಿನ ಜಾಗದಲ್ಲಿ ಭಾವನ ಟ್ರ್ಯಾಕ್ಟರಿನ ನಂಬರು ಇತ್ತು.

ಮಣ್ಣಿನ ಗೋಡೆ ದಪ್ಪವಾದ್ದರಿಂದ ಸಿಗ್ನಲ್ ಬಡವಾಗಿತ್ತು. ಒಂದು ಉದ್ದದ ಯುಎಸ್‌ಬಿ ವೈರು ಸಿಕ್ಕಿಸಿ, ಅಡಾಪ್ಟರನ್ನು ಕೊಟ್ಟಿಗೆಯ ಕಡೆಯ ಕಿಟಕಿಗೆ ನೇತುಹಾಕಿದೆ. ಎರಡು ಗೆರೆ ಬಂತು. ಹಸು ಅಡ್ಡ ನಿಂತರೆ ಒಂದು ಗೆರೆ ಕಡಿಮೆ.

ಇನ್ನು ಪಾಸ್‌ವರ್ಡು. ನನ್ನ ಗಂಡ ಅಣ್ಣನನ್ನು ಕೇಳಿದ್ದಕ್ಕೆ, 'ಆಕ್ಕಳಿ ಅದಕ್ಕೇನು, ನಂಗೂ ನೆಪ್ಪಿಲ್ಲ, ಪೆಟ್ಗೆ ತಳದಲ್ಲಿ ಬರ್ದದೆ, ನಿಮ್ಮತ್ಗೇನ ಕೇಳು' ಎಂದರಂತೆ. ಅತ್ತಿಗೆಯನ್ನು ಕೇಳುವ ಧೈರ್ಯ ನನ್ನ ಗಂಡನಿಗಿರಲಿಲ್ಲ. ಭಾನುವಾರ ಬೆಳಕು ಹರಿಯುವ ಮೊದಲೇ ಅಣ್ಣತಮ್ಮ ಇಬ್ಬರೂ ಕೋಸಿನ ಲೋಡಿನ ಜೊತೆ ಸತ್ಯಮಂಗಲಕ್ಕೆ ಪರಾರಿಯಾದರು. ಘಾಟಿಯಲ್ಲಿ ಫೋನು ಸಿಕ್ಕುವುದಿಲ್ಲ ಎಂದು ಇಬ್ಬರಿಗೂ ಚೆನ್ನಾಗಿ ಗೊತ್ತು.

ಪಾಠ ಹತ್ತು ಗಂಟೆಗೆ. ಒಂಬತ್ತು ದಾಟುವ ಹೊತ್ತಿಗೆ ನಾನು ಕಿಟಕಿಗೆ ಬಂದೆ. ಆಚೆ ಕಿಟಕಿಯಲ್ಲಿ ಅಕ್ಕ ಸೊಪ್ಪು ಬಿಡಿಸುತ್ತಿದ್ದಳು. ನಾನು ಹಸುವನ್ನು ನೋಡಿ ಗಂಟಲು ಸರಿಮಾಡಿಕೊಂಡೆ.

'ಅಸವೇ, ಆ ಮನೆ ಇಂಟರ್ನೆಟ್ ಪೆಟ್ಗೆ ತಳದಲ್ಲಿ ಏನೋ ಬರ್ದದಂತೆ. ಅದು ಗೊತ್ತಾಗ್ದೆ ಓದ್ರೆ ನನ್ ಪಾಠ ಇವತ್ತೇ ನಿಂತೋಯ್ತದೆ, ಬ್ಯಾರೆ ಯಾರೋ ಮೇಡಂ ಮಾಡ್ತರೆ. ಮಾಡಿದ್ರೆ ಮಾಡ್ಲಿ. ನಾನೇನು ಯಾರ್ನೂ ಕೇಳಾಕಿಲ್ಲ.'

ಸೊಪ್ಪು ಬಿಡಿಸುವ ಸದ್ದು ನಿಂತಿತು. ಅಕ್ಕ ಒಳಗೆ ಹೋದಳು. ಅವಳು ಜೀರಹಳ್ಳಿಯವಳು, ತಮಿಳು ಶಾಲೆಯಲ್ಲಿ ಎರಡೋ ಮೂರೋ ಕ್ಲಾಸು ಓದಿದ್ದಾಳೆ. ಅಂಕಿ ಬರುತ್ತದೆ, ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಇದು ನನಗೆ ನೆನಪಾಗುವಷ್ಟರಲ್ಲಿ ಅವಳ ದನಿ ಕೇಳಿಸಿತು. ಪೆಟ್ಟಿಗೆ ಇರುವ ಮೂಲೆಯಿಂದಲೇ, ಊರಿಗೆಲ್ಲ ಕೇಳುವ ಹಾಗೆ.

'ಕೇಳುಸ್ಕ ಕನವ್ವ ಅಸವೇ. ಮದ್ಲೆ ಒಂದು ಏಣಿ. ಒಂದೇ ಮೆಟ್ಲು.'

ಎಚ್! ನಾನು ಓಡಿಹೋಗಿ ಬರೆದುಕೊಂಡೆ.

'ಆಮೇಲೆ ಕವೆಕಡ್ಡಿ, ಬೇಲಿಗೆ ಕೊಡ್ತೀವಲ್ಲ ಅಂತದು. ಅದಾದ್ಮೇಲೆ ಆವು, ಎಡೆ ಎತ್ಕಂಡು ನಿಂತದೆ. ಆಮೇಲೆ ನಾಕು, ಏಳು. ಅಂಕಿ ನಂಗೂ ಬತ್ತವೆ, ಯಾರೂ ನಗಬ್ಯಾಡಿ ಅಂತೇಳು.'

ನಾನು ನಗುತ್ತಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

'ಆಮೇಲೆ ಒಬ್ಬ ಕಾಲಗಲಿಸ್ಕಂಡು ನಿಂತವ್ನೆ, ಸೊಂಟಕ್ಕೆ ಪಟ್ಟಿ ಕಟ್ಕಂಡು. ಆಮೇಲೆ ಒಂದು ಕುಡ್ಲು. ಕೊನೇಗೆ ಸೊನ್ನೆ. ಆಯ್ತು, ಓಗು, ಉಲ್ಲು ತಿನ್ನು.'

ಎಚ್, ವೈ, ಎಸ್, ನಾಲ್ಕು, ಏಳು, ಎ. ಕುಡುಗೋಲನ್ನು ಜೆ ಎಂದು ಹಿಡಿದೆ. ಸೊನ್ನೆ ಹಾಕಿ ಒತ್ತಿದೆ. ತಪ್ಪು. ಸೊನ್ನೆಯ ಜಾಗಕ್ಕೆ ಓ ಹಾಕಿದೆ. ತಪ್ಪು. ಕುಡುಗೋಲು ಸಿ ಇರಬಹುದೆಂದು ಅದನ್ನೂ ಹಾಕಿದೆ. ತಪ್ಪು. ಕುಡುಗೋಲಿನ ಹಿಡಿ ಮೇಲಿದೆಯೋ ಕೆಳಗಿದೆಯೋ ಎಂದು ಒಂದೇ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವ ಹಾಗಿಲ್ಲವಲ್ಲ! ಕಿಟಕಿಗೆ ಬಂದು, 'ಅಸವೇ, ಕುಡ್ಲಲ್ಲಿ ಎಷ್ಟೋ ತರ ಇರ್ತವೆ. ಇಡಿ ಎತ್ಲಾಗದೆ ಅಂತ ಏಳ್ದೆ ಓದ್ರೆ ದನಕ್ಕೂ ಗೊತ್ತಾಗಾಕಿಲ್ಲ' ಎಂದೆ. ಹಸು ಮಾತ್ರ ನನ್ನನ್ನು ನೋಡಿ ಕಿವಿ ಬಡಿಯಿತು.

ತಿರುಗಿ ಬಂದು ನೋಡುತ್ತೇನೆ, ತೆರೆಯ ಮೇಲಿದ್ದ ಟ್ರ್ಯಾಕ್ಟರಿನ ನಂಬರೇ ಇಲ್ಲ! ಅಡಾಪ್ಟರಿನ ದೀಪ ಉರಿಯುತ್ತಿದೆ, ವೈಫೈ ಮಾತ್ರ ಮಾಯ. ಆರಿಸಿದ್ದಾಳೆ. ಬೇಕೆಂದೇ ಆರಿಸಿದ್ದಾಳೆ. ಗೋಡೆಯ ಮೇಲಿನ ಗಡಿಯಾರ ಹತ್ತರ ಹತ್ತಿರ ಬಂದಿತ್ತು. ತಿರುಪ್ಪೂರಿನಲ್ಲಿ ಮಕ್ಕಳು ತಲೆ ಬಾಚಿಸಿಕೊಂಡು ಕೂತಿರುತ್ತಾರೆ, ಆ ಚಾಮರಾಜನಗರದ ಮೇಡಂ ಕೂಡ ಎಲ್ಲೋ ತಲೆ ಬಾಚಿಕೊಂಡು ಕಾಯುತ್ತಿರುತ್ತಾಳೆ ಎನ್ನಿಸಿತು. ನನಗೆ ಎಲ್ಲಿತ್ತೋ ಸಿಟ್ಟು, ಅಳುವಿನ ಜೊತೆ ಸೇರಿಕೊಂಡು ಬಂತು. ಹಸುವಿನ ಮುಖವನ್ನೂ ನೋಡಲಿಲ್ಲ, ಗೋಡೆಗೇ ಕೂಗಿದೆ.

'ಥೂ, ನಿನ್ ಒಟ್ಟೆಕಿಚ್ಗೆ ಬೆಂಕಿ ಬೀಳ! ನುಗ್ಗೆಕಾಯಿ ತಿಂದಿದ್ದು ಸಾಲ್ದಾ, ನನ್ ಪಾಠಾನೂ ತಿನ್ಬೇಕಾ? ನಾನೇನಕ್ಕ ಮಾಡಿದ್ದೆ ನಿಂಗೆ?'

'ಇಲ್ಲಿವ್ನಿ. ಇಷ್ಟ್ಯಾಕೆ ಕಿರುಚ್ತೀಯೆ?'

ದನಿ ಬೆನ್ನ ಹಿಂದಿನಿಂದ ಬಂತು. ಅಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಗೋಡೆ ಎದ್ದ ಮೇಲೆ ಅವಳು ಆ ಹೊಸಿಲಿಗೆ ಬಂದದ್ದೇ ಅಪರೂಪ, ನುಗ್ಗೆಯ ನಂತರವಂತೂ ಬಂದೇ ಇರಲಿಲ್ಲ. ಕಂಕುಳಲ್ಲಿ ಇಂಟರ್ನೆಟ್ ಪೆಟ್ಟಿಗೆ ಇತ್ತು. ಅಕ್ಷರ ನನಗೇ ತೋರಿಸಿಬಿಡೋಣವೆಂದು ವೈರುಗಳನ್ನೆಲ್ಲ ಕಿತ್ತು ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದಿದ್ದಳು. ಹಿಂದೆ ನೆಲದ ಮೇಲೆ ಎಳೆದಾಡುತ್ತಿದ್ದ ಕರೆಂಟು ವೈರನ್ನು ನಮ್ಮ ಕೋಳಿ ಹುಳುವೆಂದು ಕುಕ್ಕುತ್ತಿತ್ತು.

ಅವಳು ನನ್ನನ್ನೇ ದಿಟ್ಟಿಸಿ ಕೇಳಿದಳು.

'ಈಗ ಬೈದ್ಯಲ್ಲ, ಅಸೀಗ್ ಬೈದ್ಯಾ, ನಂಗ್ ಬೈದ್ಯಾ?'

ಹಸುವಿನ ಮೇಲೆ ಹಾಕಿ ಪಾರಾಗಬಹುದಿತ್ತು. ಬಾಯಿಗೆ ಬರಲಿಲ್ಲ.

'ನಿಂಗೇ ಕನಕ್ಕ' ಎಂದೆ.

'ಅಂಗಿದ್ರೆ ಸರಿ' ಎಂದು ಒಳಗೆ ಬಂದಳು. 'ಆ ದನದ್ ಜತೆ ಮಾತಾಡಿ ಮಾತಾಡಿ ನಂಗೆ ಸಾಕಾಗೋಗಿತ್ತು ಕನಮ್ಮಿ. ಏನಂದ್ರೂ ತಿರುಗ್ಸಿ ಒಂದ್ ಮಾತ್ ಬೈಯಾಕಿಲ್ಲ ಅದು. ತಗ, ನೋಡ್ಕ, ಕುಡ್ಲಂತೆ ಕುಡ್ಲು.'

ಕುಡುಗೋಲು ಜೆಯೂ ಅಲ್ಲ, ಸಿಯೂ ಅಲ್ಲ, ಸಣ್ಣ ಆರ್. ಹಿಡಿ ಕೆಳಗೆ, ಬಾಯಿ ಮೇಲೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅಂಗೈ ಮೇಲೆ ಬರೆದುಕೊಳ್ಳುವಾಗ ಕಣ್ಣು ಮಂಜಾಗಿ ಪೆನ್ನು ಎತ್ತೆತ್ತಲೋ ಹೋಯಿತು. ನನಗೆ ಅವಳು ಇಷ್ಟು ಬೇಕಾಗಿದ್ದಳು ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇದನ್ನು ಹೇಳಿದ್ದರೆ ಅವಳು ನಗುತ್ತಿದ್ದಳು, ಅದಕ್ಕೇ ಹೇಳಲಿಲ್ಲ.

ಅವಳು ಓಡಿಹೋಗಿ ಪೆಟ್ಟಿಗೆಯನ್ನು ಮತ್ತೆ ಸಿಕ್ಕಿಸಿದಳು. 'ಕೆಂಪ್ ಬಂತು! ತಡಿ, ಮಿಣುಕ್ತಾ ಅದೆ! ಅಸ್ರು ಬಂತು ಕನಮ್ಮಿ, ಒತ್ತು ಒತ್ತು!' ಎಂದು ಗೋಡೆಯಾಚೆಯಿಂದ ಕೂಗಿದಳು. ಇಷ್ಟು ದಿನ ತನಗೇ ಬರುತ್ತಿದ್ದ ಮಾತು ಇವತ್ತು ಬೇರೆ ಯಾರಿಗೋ ಹೋಗುತ್ತಿರುವುದನ್ನು ನೋಡಿ ಹಸು ಮೆಲುಕು ನಿಲ್ಲಿಸಿತು. ನಾನು ಒತ್ತಿದೆ. ಸೇರಿತು.

ಪಾಠ ಶುರುವಾದಾಗ ಹತ್ತು ದಾಟಿತ್ತು, ಯಾರೂ ಬೈಯಲಿಲ್ಲ. ತೆರೆಯ ತುಂಬಾ ಸಣ್ಣ ಸಣ್ಣ ಚೌಕಗಳಲ್ಲಿ ಎಣ್ಣೆ ಹಚ್ಚಿದ ತಲೆಗಳು. ಇನ್ನೇನು 'ಅ' ಬರೆಯಬೇಕು, ಹಸು ಕಿಟಕಿಗೆ ಅಡ್ಡ ಬಂತು, ಎಲ್ಲರ ಮುಖವೂ ಕಲ್ಲಾಯಿತು. ಅಷ್ಟರಲ್ಲಿ ಮತ್ತೆ ಬಂದಿದ್ದ ಅಕ್ಕ ನಾನು ಹೇಳುವುದಕ್ಕೂ ಕಾಯದೆ ಅಡಾಪ್ಟರನ್ನು ಕಿಟಕಿಯಿಂದ ಬಿಡಿಸಿ, ಹಸುವಿನ ಬೆನ್ನಿಗಿಂತ ಮೇಲೆ, ಸರಳುಗಳ ನಡುವೆ ಕೈ ಚಾಚಿ ಎತ್ತಿ ಹಿಡಿದಳು. ಮುಖಗಳು ಮತ್ತೆ ಆಡತೊಡಗಿದವು. ನಾನು 'ಅ' ಬರೆದೆ, 'ಆ' ಬರೆದೆ. ನನ್ನ ಹಿಂದೆ ಒಬ್ಬ ಹೆಂಗಸು ಕೈಯೆತ್ತಿಕೊಂಡು ಕದಲದೆ ನಿಂತಿರುವುದನ್ನು ಮಕ್ಕಳು ಎಷ್ಟು ಹೊತ್ತು ಸಹಿಸಿಯಾರು?

'ಮಿಸ್, ಪಿನ್ನಾಡಿ ಯಾರು?' ಎಂದಿತು ಒಂದು ಪುಟ್ಟ ಹುಡುಗಿ, ತಮಿಳಿನಲ್ಲಿ. ಹಿಂದೆ ನಿಂತಿರುವುದು ಯಾರು ಎಂದು.

ಅಕ್ಕ ಕೈ ಇಳಿಸದೆ, ಮುಖ ಮಾತ್ರ ಕ್ಯಾಮೆರಾದ ಕಡೆ ತಿರುಗಿಸಿ ಹೇಳಿದಳು.

'ನಾನಾ? ನಾನು ಈ ಮನೆ ಅಸ ಕನವ್ವ. ನೀ ಓದು.'